ಕೂಸು ಹುಟ್ಟುವ ಮುಂಚೆ ಮೂರು ಫ್ಯಾನು

ಗೇಮಿಂಗ್ ಕಂಪ್ಯೂಟರ್ ಕಟ್ಟಲು ಹೊರಟ ನಾನು ಮೊಟ್ಟಮೊದಲು ಕೊಂಡದ್ದು ಬಣ್ಣದ ದೀಪಗಳಿದ್ದ ಮೂರು ಫ್ಯಾನುಗಳನ್ನು. ಆಗ ಮನೆಯಲ್ಲಿ ಲೆಕ್ಕ ಮಾಡುವ ಪ್ರೊಸೆಸರ್ ಇರಲಿಲ್ಲ, ಎಲ್ಲ ಭಾಗಗಳನ್ನೂ ಕೂರಿಸುವ ಮದರ್‌ಬೋರ್ಡ್ ಇರಲಿಲ್ಲ, ಫ್ಯಾನುಗಳನ್ನು ಸಿಕ್ಕಿಸಲು ಒಂದು ಖಾಲಿ ಕ್ಯಾಬಿನೆಟ್ ಕೂಡ ಇರಲಿಲ್ಲ. ಆದರೆ ಮೂರನ್ನೂ ಒಟ್ಟಿಗೆ ಕೊಂಡರೆ ರಿಯಾಯಿತಿ ಎಂದು ಬರೆದಿತ್ತು. ರಿಯಾಯಿತಿ ಎಂಬ ಪದವನ್ನು ನೋಡಿಯೂ ನಾನು ಸುಮ್ಮನೆ ಮುಂದೆ ಹೋದ ಉದಾಹರಣೆ ಈವರೆಗೆ ಇಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಎಂದು ಜನ ನಗುತ್ತಾರಲ್ಲ, ನಮ್ಮಲ್ಲಿ ಕುಲಾವಿಯೂ ಅಲ್ಲ, ನೇರವಾಗಿ ಗಾಳಿಯ ವ್ಯವಸ್ಥೆಯೇ ಆಗಿಬಿಟ್ಟಿತ್ತು. ತಲಾ 120 ಮಿಲಿಮೀಟರ್ ಅಗಲದ ಆ ಫ್ಯಾನುಗಳು ಎರಡು ತಿಂಗಳು ಪುಸ್ತಕದ ಕಪಾಟಿನ ಮೇಲೆ ಕೂತು, ತಾವು ಓಡಿಸಬೇಕಾಗಿದ್ದ ಧೂಳನ್ನು ತಾವೇ ಹೊದ್ದುಕೊಂಡವು.

ಹಣ ಮಂಜೂರು ಮಾಡಿದವಳು ನನ್ನ ಹೆಂಡತಿ. ಷರತ್ತು ಒಂದೇ: ಕೊಟ್ಟದ್ದು ಕೊಟ್ಟಾಯಿತು, ಪೂರಕ ಅಂದಾಜು ಮಂಡಿಸುವಂತಿಲ್ಲ. ಲೆಕ್ಕ ಬರೆಯಲು ಒಂದು ನೋಟ್‌ಬುಕ್ಕನ್ನೂ ಕೊಟ್ಟಳು. ನಾನು ಅದರಲ್ಲಿ ಉದ್ದಕ್ಕೆ ಗೆರೆ ಎಳೆದು ಎಡಗಡೆ ‘ಖರ್ಚು’, ಬಲಗಡೆ ‘ಉಳಿತಾಯ’ ಎಂದು ಬರೆದೆ. ಮೂರು ಫ್ಯಾನುಗಳು ಬಲಗಡೆಗೆ ಹೋದವು. ಅದನ್ನು ನೋಡಿದ ಅವಳು ಮಾತಾಡಲಿಲ್ಲ. ಪೆನ್ಸಿಲಿನಿಂದ ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಪುಸ್ತಕ ಮುಚ್ಚಿದಳು.

ಮಿಕ್ಕ ಹಣವನ್ನು ನಾನು ಮಕ್ಕಳಿಗೆ ಆಸ್ತಿ ಹಂಚುವ ಯಜಮಾನನಂತೆ ಎಲ್ಲ ಬಿಡಿಭಾಗಗಳಿಗೂ ಸಮಪಾಲು ಮಾಡಿದ್ದೆ. ಯಾರಿಗೂ ಬೇಸರವಾಗಬಾರದು ನೋಡಿ. ಈ ಪಾಲುಪಟ್ಟಿಯನ್ನು ಅಕ್ಕನ ಮಗನಿಗೆ ತೋರಿಸಿದೆ. ಅವನು ಕಾಲೇಜು ಓದುವ ಹುಡುಗ, ಮಾತು ಕಡಿಮೆ. “ಮಾವ” ಎಂದ, ಅಷ್ಟೇ. ಅವನ ‘ಮಾವ’ದಲ್ಲಿ ಹಲವು ದರ್ಜೆಗಳಿವೆ. ಹಬ್ಬದ ದಿನ ನಮಸ್ಕಾರ ಮಾಡುವಾಗಿನ ಮಾವ ಬೇರೆ. ಇದು ವೈದ್ಯರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿ ಕುರ್ಚಿ ಎಳೆದುಕೊಳ್ಳುವಾಗ ಹೇಳುವಂಥ ಮಾವ.

ಅವನು ವಿವರಿಸಿದ್ದು ಇಷ್ಟು. ಆಟದ ಚಿತ್ರಗಳನ್ನು ಬಿಡಿಸುವುದು ಗ್ರಾಫಿಕ್ಸ್ ಕಾರ್ಡ್. ಆದ್ದರಿಂದ ಇದ್ದ ಹಣದಲ್ಲಿ ಮೂರನೇ ಒಂದು ಭಾಗದಿಂದ ಹೆಚ್ಚುಕಡಿಮೆ ಅರ್ಧದವರೆಗೂ ಅದಕ್ಕೇ ಹೋಗಬೇಕು. ಆ ಕಾರ್ಡಿಗೆ ಕೆಲಸ ಒದಗಿಸುವಷ್ಟು ಚುರುಕು ಪ್ರೊಸೆಸರಿಗಿದ್ದರೆ ಸಾಕು. ಉಳಿದವರು ಸಿಕ್ಕಿದ್ದರಲ್ಲಿ ಸಂಸಾರ ಮಾಡಿಕೊಳ್ಳಬೇಕು. ಪಕ್ಷಪಾತವನ್ನು ಇಷ್ಟು ಬಹಿರಂಗವಾಗಿ ಬೋಧಿಸುವ ಶಾಸ್ತ್ರವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಹೀಗೆ ಕೊನೆಗೆ ತೀರ್ಮಾನವಾದದ್ದು: 8 ಜಿಬಿಯ ಆರ್‌ಎಕ್ಸ್ 6600 ಕಾರ್ಡ್, ಒಬ್ಬರು ಬಳಸಿ ಬಿಟ್ಟದ್ದು. ರೈಜನ್ 5 5600 ಪ್ರೊಸೆಸರ್, ಹೊಸದು. ಆರು ಕೋರ್, ಪೆಟ್ಟಿಗೆಯೊಳಗೇ ಅದನ್ನು ತಂಪಾಗಿಡುವ ಕೂಲರ್ ಕೂಡ ಬರುತ್ತದೆ. ಬಿ450 ಮದರ್‌ಬೋರ್ಡ್, ಅದೂ ಬಳಸಿದ್ದೇ. 2018ರಲ್ಲಿ ಬಂದ ಬೋರ್ಡಿನ ಎಎಂ4 ಸಾಕೆಟ್‌ನಲ್ಲಿ 2022ರ ಪ್ರೊಸೆಸರ್ ಕೂರುತ್ತದೆ ಎಂಬುದೇ ಬಡವರ ಪಾಲಿನ ಭಾಗ್ಯ. “ಬೋರ್ಡ್ ಕೊಳ್ಳುವಾಗ ಬಯಾಸ್ ಆವೃತ್ತಿ ಯಾವುದೆಂದು ಕೇಳಿ” ಎಂದು ಹುಡುಗ ಹೇಳಿ ಕಳಿಸಿದ್ದ. ಬಯಾಸ್ ಎಂದರೆ ಗುಂಡಿ ಒತ್ತಿದೊಡನೆ ಬೋರ್ಡನ್ನು ಎಬ್ಬಿಸುವ, ಬೋರ್ಡಿನೊಳಗೇ ಇರುವ ತಂತ್ರಾಂಶ. ನಾನು ಹೋಗಿ ಬೋರ್ಡಿನ ಮೇಲೆ ಗೀರುಗಳಿವೆಯೇ ಎಂದು ಬೆಳಕಿಗೆ ಹಿಡಿದು ನೋಡಿದೆ, ಮೂಲೆಯಲ್ಲಿದ್ದ ಒಂದು ಕಲೆಯನ್ನು ತೋರಿಸಿ ಚೌಕಾಸಿ ಮಾಡಿದೆ, ಗೆದ್ದೆ, ಗೆದ್ದ ಖುಷಿಯಲ್ಲಿ ಬಯಾಸನ್ನು ಮರೆತೆ. ಉಳಿತಾಯದ ಕಾಲಂನಲ್ಲಿ ಆ ಚೌಕಾಸಿಗೆ ಒಂದು ನಕ್ಷತ್ರ ಬಿತ್ತು.

ಅವನು ನನಗೆ ಕೈಯಾಡಿಸಲು ಬಿಡದಿದ್ದ ಒಂದೇ ವಸ್ತು ಪವರ್ ಸಪ್ಲೈ. ನಾನು ಅತಿ ಅಗ್ಗದ್ದೊಂದನ್ನು ಹುಡುಕಿಟ್ಟಿದ್ದೆ. ಮೈಮೇಲೆ 850 ವ್ಯಾಟ್ ಎಂದು ಬರೆದಿತ್ತು, ಕೈಗೆತ್ತಿಕೊಂಡರೆ ಖಾಲಿ ಡಬ್ಬಿಯಷ್ಟು ಹಗುರ. ಅವನು ಅದನ್ನು ಅಂಗೈಯಲ್ಲಿ ತೂಗಿ ನೋಡಿ, “ಇದು ಸಾಯುವಾಗ ಒಂದೇ ಸಾಯುವುದಿಲ್ಲ, ಮಾವ” ಎಂದ. ನನ್ನ ಕಾರ್ಡ್ ಬೇಡುವುದು 132 ವ್ಯಾಟ್, ಪ್ರೊಸೆಸರ್ 65. ನಂಬಿಕಸ್ತ 550 ವ್ಯಾಟಿನದು ಧಾರಾಳ ಸಾಕಂತೆ. ಅದರ ಮೇಲೆ ‘80 ಪ್ಲಸ್ ಬ್ರಾಂಜ್’ ಎಂಬ ಮುದ್ರೆ ಇತ್ತು. ಕಂಚಿನ ಪದಕ ಎಂದು ನಾನು ಹೆಮ್ಮೆಪಡುತ್ತಿರುವಾಗ, ಗೋಡೆಯಿಂದ ಎಳೆದ ವಿದ್ಯುತ್ತಿನಲ್ಲಿ ಎಷ್ಟು ಪಾಲು ಪೋಲಾಗದೆ ಒಳಗೆ ತಲಪುತ್ತದೆ ಎಂಬುದನ್ನಷ್ಟೇ ಆ ಮುದ್ರೆ ಹೇಳುತ್ತದೆ, ಉಳಿದ ಗುಣನಡತೆಗೆ ಅದು ಜಾಮೀನಲ್ಲ ಎಂದು ಹೇಳಿ ಅದನ್ನೂ ಕಿತ್ತುಕೊಂಡ.

ಜೋಡಣೆಗೆ ಭಾನುವಾರ ಗೊತ್ತು ಮಾಡಿದೆ. ಹುಡುಗನನ್ನು ಕರೆಯಲಿಲ್ಲ. ನೆರವಿಲ್ಲದೆ ಮಾಡಿದೆ ಎಂದು ಹೇಳಿಕೊಳ್ಳುವ ಆಸೆ. ಆಮೇಲೆ ಅದನ್ನು ಹೇಳಿಕೊಳ್ಳುವ ಸಂದರ್ಭವೇ ಬರಲಿಲ್ಲ.

ಪೆಟ್ಟಿಗೆಯಲ್ಲಿ ಬಂದ ಕೂಲರ್ ಕೂರಿಸಬೇಕಾದರೆ ಬೋರ್ಡಿನ ಮೇಲಿರುವ ಪ್ಲಾಸ್ಟಿಕ್ ಪಟ್ಟಿಗಳ ನಾಲ್ಕು ಸ್ಕ್ರೂ ಬಿಚ್ಚಬೇಕು. ಬಿಚ್ಚಿದೆ. ನಾಲ್ಕನೆಯದು ಸಡಿಲವಾದ ಕೂಡಲೇ ಬೋರ್ಡಿನ ಅಡಿಯಿಂದ ಲೋಹದ ತಗಡೊಂದು ಠಣ್ಣೆಂದು ಬಿತ್ತು. ನನ್ನ ಎದೆಯೂ ಅದೇ ದಿಕ್ಕಿನಲ್ಲಿ ಬಿತ್ತು. ಅದು ಮುರಿದದ್ದಲ್ಲ, ಆ ಸ್ಕ್ರೂಗಳೇ ಅದನ್ನು ಹಿಡಿದಿದ್ದವು, ಬಿಚ್ಚಿದರೆ ಬೀಳುವುದೇ ಅದರ ಧರ್ಮ ಎಂದು ತಿಳಿಯಲು ಅರ್ಧ ಗಂಟೆ ಹಿಡಿಯಿತು. ಆಮೇಲೆ ಬೋರ್ಡನ್ನು ಕ್ಯಾಬಿನೆಟ್ಟಿನೊಳಗೆ ಇಳಿಸಿ ಒಂಬತ್ತು ಸ್ಕ್ರೂ ಬಿಗಿದು, ಬೆವರು ಒರೆಸಿಕೊಂಡು ನೋಡಿದರೆ ಮೇಜಿನ ಮೇಲೆ ಆಯತಾಕಾರದ ತೆಳು ತಗಡೊಂದು ಮಿರಮಿರನೆ ಹೊಳೆಯುತ್ತಿದೆ. ಹಿಂಬದಿಯ ಕಿಂಡಿಗೆ ಎಲ್ಲಕ್ಕಿಂತ ಮೊದಲು ಸಿಕ್ಕಿಸಬೇಕಾದ ಐಓ ಶೀಲ್ಡ್. ಒಂಬತ್ತು ಸ್ಕ್ರೂ ಬಿಚ್ಚಿದೆ, ತಗಡು ಸಿಕ್ಕಿಸಿದೆ, ಒಂಬತ್ತು ಸ್ಕ್ರೂ ಬಿಗಿದೆ. ಇಂಟರ್‌ನೆಟ್ ಕೇಬಲ್ ತೂರಿಸಲು ಹೋದರೆ ತೂರದು: ತಗಡಿನ ಪುಟ್ಟ ನಾಲಿಗೆಯೊಂದು ಮಡಚಿಕೊಂಡು ಆ ರಂಧ್ರದೊಳಗೇ ಹೋಗಿ ಕೂತಿತ್ತು. ಮತ್ತೆ ಒಂಬತ್ತು ಬಿಚ್ಚಿದೆ. ಮೂರನೆಯ ಸಲ ಬಿಗಿಯಲು ಎಂಟೇ ಸಿಕ್ಕವು. ಒಂಬತ್ತನೆಯದು ಎಲ್ಲಿದೆ ಎಂದು ಕ್ಯಾಬಿನೆಟ್ಟನ್ನು ಅಲುಗಿಸಿದಾಗ ಗೊತ್ತಾಗುತ್ತದೆ, ಆದರೆ ಕಣ್ಣಿಗೆ ಕಾಣುವುದಿಲ್ಲ.

ಇನ್ನು ಗ್ರಾಫಿಕ್ಸ್ ಕಾರ್ಡ್. ಅದರ ಉದ್ದ 282 ಮಿಲಿಮೀಟರ್. ನನ್ನ ಕ್ಯಾಬಿನೆಟ್ಟು ಒಳಗೆ ಬಿಟ್ಟುಕೊಳ್ಳುವುದು 270. ಮೂಗಿಗಿಂತ ಮೂಗುತಿ ಭಾರ ಎಂಬ ಗಾದೆಗೆ ಅಳತೆ ಕೊಟ್ಟರೆ 12 ಮಿಲಿಮೀಟರ್ ಬರುತ್ತದೆ. ಹಾರ್ಡ್ ಡಿಸ್ಕ್ ಇಡುವ ಗೂಡನ್ನು ಬಿಚ್ಚಿ ತೆಗೆದ ಮೇಲೆ ಕಾರ್ಡ್ ಕಾಲು ಚಾಚಿತು. ಹಳೆಯ ಹಾರ್ಡ್ ಡಿಸ್ಕ್ ಮಾತ್ರ ಇಂದಿಗೂ ನಿರಾಶ್ರಿತ.

ಗುಂಡಿ ಒತ್ತಿದೆ. ಏನೂ ಆಗಲಿಲ್ಲ. ಬಟ್ಟೆ ಮಡಚುತ್ತಾ ಆ ಕಡೆ ಬಂದ ಹೆಂಡತಿ ಪವರ್ ಸಪ್ಲೈಯ ಬೆನ್ನಿನಲ್ಲಿದ್ದ ಸ್ವಿಚ್ಚನ್ನು ಒಂದು ಬೆರಳಿನಿಂದ ಅದುಮಿ ಮುಂದೆ ಹೋದಳು. ಮತ್ತೆ ಒತ್ತಿದೆ. ಎರಡು ತಿಂಗಳ ಮೌನವ್ರತ ಮುರಿದು ಮೂರು ಫ್ಯಾನುಗಳೂ ತಿರುಗತೊಡಗಿದವು, ಕೋಣೆಯ ತುಂಬ ಏಳು ಬಣ್ಣಗಳ ಓಕುಳಿ. ಪರದೆ ಮಾತ್ರ ಕಪ್ಪು. ಮಾನಿಟರಿನ ತಂತಿಯನ್ನು ಬೋರ್ಡಿಗೆ ಸಿಕ್ಕಿಸಿದ್ದೆ. ನನ್ನ ಪ್ರೊಸೆಸರಿನೊಳಗೆ ಗ್ರಾಫಿಕ್ಸ್ ಇಲ್ಲವಾದ್ದರಿಂದ ಅಲ್ಲಿರುವ ರಂಧ್ರ ಕೇವಲ ಅಲಂಕಾರ. ಕಾರ್ಡಿಗೆ ಬದಲಿಸಿದೆ. ಕಪ್ಪು. ರ‍್ಯಾಮ್ ಕಿತ್ತು ಮತ್ತೆ ಸಿಕ್ಕಿಸಿದೆ. ಕಪ್ಪು. ಬೋರ್ಡಿನ ನಾಣ್ಯದಂಥ ಬ್ಯಾಟರಿಯನ್ನು ತೆಗೆದು ಹತ್ತು ನಿಮಿಷ ಕಾದು ಮತ್ತೆ ಹಾಕಿದೆ. ಕಪ್ಪು. ರಾತ್ರಿ ಒಂಬತ್ತಕ್ಕೆ ಸ್ವಾಭಿಮಾನ ನುಂಗಿ ಹುಡುಗನಿಗೆ ಫೋನ್ ಮಾಡಿದೆ.

“ಬಯಾಸ್ ಆವೃತ್ತಿ ಕೇಳಿದ್ದಿರಾ?”

ನಾನು ಮಾತಾಡಲಿಲ್ಲ.

“ಮಾವ.”

ಸಂಗತಿ ಏನೆಂದರೆ, ಬೋರ್ಡ್ ಹುಟ್ಟಿದಾಗ ಈ ಪ್ರೊಸೆಸರ್ ಇನ್ನೂ ಹುಟ್ಟಿರಲಿಲ್ಲ. ಹಾಗಾಗಿ ಮನೆಬಾಗಿಲಿಗೆ ಬಂದ ಅಪರಿಚಿತನನ್ನು ಅದು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಬಯಾಸ್ ನವೀಕರಿಸಿ ಪರಿಚಯ ಮಾಡಿಕೊಡಬೇಕು. ಅದಕ್ಕೆ ಬೋರ್ಡ್ ಚಾಲೂ ಆಗಬೇಕು. ಚಾಲೂ ಆಗಲು ಅದಕ್ಕೆ ಪರಿಚಯವಿರುವ ಪ್ರೊಸೆಸರ್ ಬೇಕು. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಎಂಬಂಥ ಗಂಟು. ಕೆಲವು ಬೋರ್ಡುಗಳಲ್ಲಿ ಪ್ರೊಸೆಸರೇ ಇಲ್ಲದೆ ಪೆನ್‌ಡ್ರೈವ್‌ನಿಂದ ನವೀಕರಿಸುವ ಗುಂಡಿ ಇರುತ್ತದೆ, ಅವಕ್ಕೆ ಬೆಲೆ ತುಸು ಜಾಸ್ತಿ. ಆ ತುಸು ನನ್ನ ಉಳಿತಾಯದ ಕಾಲಂನಲ್ಲಿ ನಕ್ಷತ್ರದ ಕೆಳಗೆ ಮಿನುಗುತ್ತಿತ್ತು.

ಮುಂದಿನ ಭಾನುವಾರ ಹುಡುಗ ತನ್ನ ಸ್ವಂತ ಕಂಪ್ಯೂಟರಿನಿಂದ 2018ರ ರೈಜನ್ 5 2600 ಅನ್ನು ಕಿತ್ತು, ಪ್ಲಾಸ್ಟಿಕ್ ಡಬ್ಬಿಯಲ್ಲಿ ಹತ್ತಿಯಂತೆ ಹಿಡಿದುಕೊಂಡು ಬಂದ. ಬೋರ್ಡ್ ಅದನ್ನು ಕಂಡದ್ದೇ ಹಳೆಯ ಗೆಳೆಯ ಸಿಕ್ಕಂತೆ ಎದ್ದು ಕುಳಿತಿತು. ನವೀಕರಣ ನಡೆದ ಆ ಕೆಲವು ನಿಮಿಷ ವಿದ್ಯುತ್ ಹೋದರೆ ಬೋರ್ಡೇ ಹೋದಂತೆ ಎಂದು ಅವನು ಹೇಳಿದ್ದರಿಂದ ನಾವು ಮೂವರೂ ಉಸಿರು ಬಿಗಿಹಿಡಿದು ನಿಂತಿದ್ದೆವು. ಮುಗಿಯಿತು. “ಕೂಲರನ್ನು ನೇರ ಎತ್ತಬೇಡಿ, ಬಿಸಿಯಿರುವಾಗಲೇ ಅತ್ತಿತ್ತ ತಿರುಗಿಸಿ ಸಡಿಲಿಸಬೇಕು. ಈಗ ಬಂದೆ” ಎಂದು ಅವನು ನೀರು ಕುಡಿಯಲು ಹೋದ.

ಅವನು ಬರುವುದರೊಳಗೆ ಒಂದಿಷ್ಟು ಉಪಕಾರ ಮಾಡೋಣವೆಂದು ನಾನು ಕೂಲರನ್ನು ನೇರ ಎತ್ತಿದೆ. ಪ್ಲಕ್ ಎಂದಿತು. ಸಾಕೆಟ್ಟಿನ ಚಿಲಕ ಹಾಕಿದ್ದಲ್ಲೇ ಇತ್ತು. ಹುಡುಗನ ಪ್ರೊಸೆಸರ್ ಮಾತ್ರ, ಶಾಖ ಸಾಗಿಸಲೆಂದು ನಡುವೆ ಹಚ್ಚಿದ ಪೇಸ್ಟಿಗೆ ಅಂಟಿಕೊಂಡು ಕೂಲರಿನ ಹೊಟ್ಟೆಗೆ ಬಾವಲಿಯಂತೆ ಜೋತಾಡುತ್ತಿತ್ತು. ಅದರ ಅಡಿಯಲ್ಲಿರುವುದು 1331 ಪಿನ್ನುಗಳು. ಒಂದು ಮೂಲೆಯವು ಗಾಳಿಗೆ ಸಿಕ್ಕ ಪೈರಿನಂತೆ ಒರಗಿದ್ದವು. ಹುಡುಗ ಲೋಟ ಹಿಡಿದುಕೊಂಡೇ ಬಾಗಿಲಲ್ಲಿ ನಿಂತ. ಈ ಸಲ ‘ಮಾವ’ ಎನ್ನಲೂ ಇಲ್ಲ. ಅದು ಅತ್ಯುನ್ನತ ದರ್ಜೆ.

ಆಗ ನನ್ನ ಹೆಂಡತಿ ಮೇಜಿನ ದೀಪ ಎಳೆದುಕೊಂಡಳು. ಭೂತಗನ್ನಡಿ ತಂದಳು. ಏನು ಮಾಡಬೇಕೆಂದು ಹುಡುಗನನ್ನು ಕೇಳಿ ತಿಳಿದುಕೊಂಡು, ಸೀಸ ತೆಗೆದ ಮೆಕ್ಯಾನಿಕಲ್ ಪೆನ್ಸಿಲಿನ ಟೊಳ್ಳು ತುದಿಯನ್ನು ಬಾಗಿದ ಪಿನ್ನಿಗೆ ತೊಡಿಸಿ ಕೂದಲೆಳೆಯಷ್ಟು ಎತ್ತಿದಳು, ಸಾಲು ನೋಡಿದಳು, ಮತ್ತೆ ಕೂದಲೆಳೆಯಷ್ಟು. ಪ್ರಶ್ನಾರ್ಥಕ ಚಿಹ್ನೆ ಹಾಕಿದ ಪೆನ್ಸಿಲ್ ಅದೇ ಎಂದು ನನಗೆ ಮಧ್ಯದಲ್ಲಿ ಹೊಳೆಯಿತು, ಹೇಳಲಿಲ್ಲ. ಹನ್ನೊಂದು ಪಿನ್ನುಗಳಿಗೆ ನಲವತ್ತು ನಿಮಿಷ. ನಾನು ಒಮ್ಮೆ ಸೀನಿದ್ದಕ್ಕೆ ಇಬ್ಬರೂ ಸೇರಿ ನನ್ನನ್ನು ಹೊರಗೆ ಕಳಿಸಿದರು. ಕರೆದಾಗ ಒಳಗೆ ಹೋದರೆ ಪ್ರೊಸೆಸರ್ ಸಾಕೆಟ್ಟಿನೊಳಗೆ ತನ್ನ ಭಾರಕ್ಕೇ ಇಳಿದು ಕೂತಿತ್ತು. ಹುಡುಗ “ಅತ್ತೆ” ಎಂದ. ಆ ಧ್ವನಿಯಲ್ಲಿ ಅವನು ನನ್ನನ್ನು ಒಮ್ಮೆಯೂ ಕರೆದಿಲ್ಲ. ಅನಗತ್ಯವಾಗಿ ಕೊಂಡಿದ್ದ ಪೇಸ್ಟಿನ ಟ್ಯೂಬು ಈಗ ಕೆಲಸಕ್ಕೆ ಬಂತು ಎಂದು ನಾನು ನೆನಪಿಸಿದೆ. ಯಾರೂ ಕೇಳಿಸಿಕೊಳ್ಳಲಿಲ್ಲ.

ಅಂದು ರಾತ್ರಿ ಅವಳು ನೋಟ್‌ಬುಕ್ ತೆರೆದು ಉಳಿತಾಯದ ಕಾಲಂನಲ್ಲಿ ತನ್ನ ಕೈಯಾರೆ ಬರೆದಳು: ‘ಪ್ರೊಸೆಸರ್, ಒಂದು.’ ಆ ಕಾಲಂನಲ್ಲಿ ಪ್ರಶ್ನಾರ್ಥಕ ಚಿಹ್ನೆ ಇಲ್ಲದ ಸಾಲು ಅದೊಂದೇ.

ಆಮೇಲಿನದು ಸಣ್ಣಪುಟ್ಟದ್ದು. ಎರಡು ರ‍್ಯಾಮ್ ಪಟ್ಟಿಗಳನ್ನು ನಾನು ಅಕ್ಕಪಕ್ಕ ಕೂರಿಸಿದ್ದೆ; ಎರಡನೆಯ ಮತ್ತು ನಾಲ್ಕನೆಯ ಮನೆಯಲ್ಲಿ ಕೂತರೆ ಅವು ಜೋಡಿಯಾಗಿ ದುಡಿಯುತ್ತವಂತೆ. ವೇಗ 3200 ಎಂದು ಬರೆದಿದ್ದ ರ‍್ಯಾಮ್, ಬಯಾಸ್‌ನಲ್ಲಿ ಎಕ್ಸ್‌ಎಂಪಿ ಎಂಬ ವೇಗದ ಸೆಟ್ಟಿಂಗನ್ನು ಆನ್ ಮಾಡುವವರೆಗೆ 2133ರಲ್ಲೇ ತೆವಳುತ್ತಿತ್ತು. ಈ ಯಂತ್ರಗಳಿಗೆ ಸಂಕೋಚ ಜಾಸ್ತಿ, ಬಾಯಿಬಿಟ್ಟು ಕೇಳದೆ ತಮ್ಮ ಶಕ್ತಿ ತೋರಿಸುವುದಿಲ್ಲ. ಆಗಲಾದರೂ ನಾನು ಎಚ್ಚೆತ್ತುಕೊಳ್ಳಬೇಕಿತ್ತು.

ಏಕೆಂದರೆ ಕಡೆಯ ಹಣದಲ್ಲಿ ನಾನು ಕೊಂಡದ್ದು 144 ಹರ್ಟ್ಸ್ ಮಾನಿಟರ್, ಅಂದರೆ ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವಂಥದ್ದು. ಹಳೆಯದು 60. ಹಳೆಯದರಲ್ಲಿ ಒಂದು ಚಿತ್ರ 16.7 ಮಿಲಿಸೆಕೆಂಡ್ ನಿಂತರೆ ಇದರಲ್ಲಿ 6.9 ಮಾತ್ರ ಎಂದು ಹೆಂಡತಿಗೆ ಕಾಗದದ ಮೇಲೆ ಭಾಗಿಸಿ ತೋರಿಸಿದೆ. ಅವಳು ಹಳೆಯದನ್ನೊಮ್ಮೆ ಹೊಸದನ್ನೊಮ್ಮೆ ನೋಡಿ, “ನನಗೇನೋ ಎರಡೂ ಒಂದೇ ಥರ ಕಾಣುತ್ತದೆ” ಎಂದಳು. ಪಿನ್ನು ನೆಟ್ಟಗೆ ಮಾಡುವ ಕಣ್ಣೇ ಬೇರೆ, ಇದನ್ನು ಕಾಣುವ ಕಣ್ಣೇ ಬೇರೆ ಎಂದು ಸಮಾಧಾನ ಹೇಳಿದೆ. ಕಚೇರಿಯಲ್ಲಿ, ಮದುವೆ ಮನೆಗಳಲ್ಲಿ, ಸಿಕ್ಕಿದವರಿಗೆಲ್ಲ ಹೇಳಿದೆ: ಒಮ್ಮೆ 144ಕ್ಕೆ ಕಣ್ಣು ಪಳಗಿದರೆ 60ರ ಕಡೆ ತಿರುಗಿ ನೋಡಲಾಗುವುದಿಲ್ಲ, ತಲೆನೋವು ಬರುತ್ತದೆ.

ಮೂರು ತಿಂಗಳ ಮೇಲೆ ಹುಡುಗ ಬಂದಿದ್ದಾಗ ನನ್ನ ಕುರ್ಚಿಯಲ್ಲಿ ಕೂತು ಮೌಸ್ ಆಡಿಸಿದ. ನಿಲ್ಲಿಸಿದ. ಮತ್ತೆ ಆಡಿಸಿದ. ಡಿಸ್‌ಪ್ಲೇ ಸೆಟ್ಟಿಂಗ್ ತೆರೆದು ಒಂದು ಸಾಲಿನ ಮೇಲೆ ಬೆರಳಿಟ್ಟು ನನ್ನ ಮುಖ ನೋಡಿದ. ಅಲ್ಲಿ 60 ಎಂದಿತ್ತು. ಮೊದಲ ದಿನದಿಂದಲೂ ಅದೇ ಇತ್ತು.

“ಅತ್ತೆಗೆ ಹೇಳಬೇಡ” ಎಂದೆ. ಅವನು 144 ಮಾಡಿ ಎದ್ದು ಹೋದ.

ಸಂಜೆ ಹೆಂಡತಿ ಏನನ್ನೋ ಹುಡುಕಲು ಕಂಪ್ಯೂಟರಿನ ಮುಂದೆ ಕೂತಳು. “ಇವತ್ತೇನೋ ಬೇರೆಯೇ ಇದೆಯಲ್ಲ? ಬಾಣ ನೀರಿನ ಮೇಲೆ ಜಾರಿದ ಹಾಗೆ ಹೋಗುತ್ತಿದೆ. ಏನು ಮಾಡಿದಿರಿ?”

“ಪರದೆ ಒರೆಸಿದೆ” ಎಂದೆ.

“ಇಷ್ಟು ವ್ಯತ್ಯಾಸವಾಗುವುದಾದರೆ ವಾರಕ್ಕೊಮ್ಮೆ ಒರೆಸಬಾರದೇ?”

ಈಗ ಪ್ರತಿ ಭಾನುವಾರ ಒರೆಸುತ್ತಿದ್ದೇನೆ.