ಅವನು ಬೆಚ್ಚಿದ್ದೇಕೆ?

ನಿನ್ನೆ ರಾತ್ರಿ ನಾಟಕ ನೋಡಿ ಮನೆಗೆ ಬಂದಾಗ ಹತ್ತೂವರೆ. ಊಟ ಸೇರಲಿಲ್ಲ. ನಿದ್ದೆಯೂ ಸರಿಯಾಗಿ ಬರಲಿಲ್ಲ. ಸಿಟ್ಟು ಇನ್ನೂ ಇಳಿದಿಲ್ಲವಾದ್ದರಿಂದ ಕಾಫಿ ಕುಡಿದವಳೇ ಬರೆಯಲು ಕೂತಿದ್ದೇನೆ.

ನಾಟಕ ಶೇಕ್ಸ್‌ಪಿಯರ್‌ನ ಮ್ಯಾಕ್‌ಬೆತ್: ತನ್ನ ದೊರೆ ಡಂಕನ್‌ನನ್ನು ಕೊಂದು ಗದ್ದುಗೆ ಏರುವ ಸ್ಕಾಟ್ಲೆಂಡಿನ ಸೇನಾಪತಿಯ ಕಥೆ. 26 ವರ್ಷ ಬಿ.ಎ. ಮಕ್ಕಳಿಗೆ ಅದನ್ನು ಪಾಠ ಮಾಡಿದವಳು ನಾನು, ನಿಮಗೆಲ್ಲ ಗೊತ್ತು. ನಿನ್ನೆಯ ಹುಡುಗರು ದುಡಿದಿದ್ದರು. ಬೆಳಕು ಚೆನ್ನಾಗಿತ್ತು, ಚಂಡೆಯೂ ಚೆನ್ನಾಗಿತ್ತು. ಆದರೆ ಮೊದಲ ಅರ್ಧ ಗಂಟೆಯಲ್ಲೇ ನಾಟಕದ ಬೇರು ಕತ್ತರಿಸಿಬಿಟ್ಟರು. ಮಾಟಗಾತಿಯರು ಮೂವರೂ ಮ್ಯಾಕ್‌ಬೆತ್‌ನನ್ನು ಸುತ್ತುವರಿದು, ಕೆಂಪು ಹಗ್ಗ ಸುತ್ತಿ, ಹಣೆಗೆ ಏನೋ ಬಳಿದರು. ಅವನ ಕಣ್ಣು ಮೇಲೆ ಹೋಯಿತು, ದನಿ ಬದಲಾಯಿತು. ಅಲ್ಲಿಂದ ಮುಂದೆ ಅವನೊಂದು ಗೊಂಬೆ.

ಹೊರಗೆ ಬರುವಾಗ ಹಿಂದೆ ಒಬ್ಬರು ಮಗಳಿಗೆ ಹೇಳುತ್ತಿದ್ದರು: "ಎಷ್ಟು ಒಳ್ಳೆ ಮನುಷ್ಯ ನೋಡು ಪುಟ್ಟಾ. ಆ ಹೆಂಗಸರು ತಲೆ ಕೆಡಿಸಿದ್ರು, ಆಮೇಲೆ ಹೆಂಡ್ತಿ ಪೂರ್ತಿ ಹಾಳು ಮಾಡಿದ್ಲು." ಅವರ ಮೇಲೆ ನನಗೆ ಕೋಪವಿಲ್ಲ. ತೋರಿಸಿದ್ದನ್ನೇ ಅವರು ಹೇಳಿದರು. ಹನ್ನೆರಡೋ ಹದಿಮೂರೋ ವಯಸ್ಸಿನ ಆ ಹುಡುಗಿ ತಲೆಯಾಡಿಸಿದಳಲ್ಲ, ಅದು ನನಗೆ ಹಿಡಿಸಲಿಲ್ಲ. ಗಂಡಸಿನ ಆಸೆಗೆ ಹೆಂಗಸರನ್ನು ಹೊಣೆ ಮಾಡುವ ಹಳೇ ಪಾಠ ಅವಳಿಗೆ ಇನ್ನೊಂದು ಸಲ ಆಯಿತು.

ಆ ಮಾಟಗಾತಿಯರು ಅವನಿಗೆ ಏನು ಹೇಳುತ್ತಾರೆ, ಪಠ್ಯ ತೆಗೆದು ನೋಡಿ. ಗ್ಲಾಮಿಸ್‌ನ ಒಡೆಯನೇ, ಕಾಡರ್‌ನ ಒಡೆಯನೇ, ಮುಂದೆ ರಾಜನಾಗುವವನೇ ಎಂದು ಜೈಕಾರ ಹಾಕುತ್ತಾರೆ. ಅಷ್ಟೇ. ಡಂಕನ್‌ನನ್ನು ಕೊಲ್ಲು ಎನ್ನುವುದಿಲ್ಲ. ಕೊಲೆ ಎಂಬ ಸೊಲ್ಲೇ ಅವರ ಬಾಯಲ್ಲಿ ಅಲ್ಲಿಲ್ಲ. ಆ ಜೈಕಾರ ಕೇಳಿದೊಡನೆ ಮ್ಯಾಕ್‌ಬೆತ್ ಬೆಚ್ಚುತ್ತಾನೆ. ಪಕ್ಕದಲ್ಲೇ ನಿಂತ ಜೊತೆಯ ಸೇನಾಪತಿ ಬ್ಯಾಂಕೋ ಅದನ್ನು ನೋಡಿ ಕೇಳುತ್ತಾನೆ: ಕಿವಿಗೆ ಇಷ್ಟು ಇಂಪಾದ ಮಾತಿಗೆ ಯಾಕೆ ಬೆಚ್ಚಿದೆ, ಯಾಕೆ ಹೆದರಿದವನಂತೆ ಕಾಣುತ್ತಿದ್ದೀಯ?

ನನ್ನ ಮಟ್ಟಿಗೆ ಇಡೀ ನಾಟಕ ಈ ಒಂದು ಪ್ರಶ್ನೆಯ ಮೇಲೆ ನಿಂತಿದೆ. ನಿನ್ನೆ ಅದನ್ನೇ ಕತ್ತರಿಸಿದ್ದರು.

ರಾಜನಾಗುತ್ತೀಯ ಎಂದರೆ ಆ ಯೋಚನೆಗೆ ಹೊಸಬನಾದವನು ನಕ್ಕುಬಿಡುತ್ತಾನೆ, ಇಲ್ಲ ಅಚ್ಚರಿಪಡುತ್ತಾನೆ. ಬೆಚ್ಚುವವನು ಒಳಗೆ ಬಚ್ಚಿಟ್ಟದ್ದನ್ನು ಬೇರೆಯವರ ಬಾಯಲ್ಲಿ ಕೇಳಿದವನು. ಕಾಡರ್‌ನ ಪಟ್ಟ ಸಿಕ್ಕ ಸುದ್ದಿ ಬಂದು ಇನ್ನೂ ಗಳಿಗೆಯಾಗಿಲ್ಲ, ಆಗಲೇ ತನ್ನ ಮನಸ್ಸಿನಲ್ಲಿ ಕೊಲೆಯೊಂದು ಸುಳಿದಾಡುತ್ತಿದೆ, ಅದನ್ನು ನೆನೆದರೆ ಕೂದಲು ನಿಮಿರುತ್ತದೆ, ಎದೆ ಪಕ್ಕೆಲುಬಿಗೆ ಬಡಿಯುತ್ತದೆ ಎಂದು ತನಗೆ ತಾನೇ ಹೇಳಿಕೊಳ್ಳುತ್ತಾನೆ. ಆಗ ಹೆಂಡತಿ ಎಲ್ಲಿದ್ದಾಳೆ? ದೂರದ ಕೋಟೆಯಲ್ಲಿ. ಅವಳಿಗೆ ಇನ್ನೂ ಅವನ ಕಾಗದ ಕೂಡ ತಲುಪಿಲ್ಲ!

ಮಾಟಮಂತ್ರವನ್ನು ನಂಬಿದ್ದ ಕಾಲವಲ್ಲವೇ ಅದು ಎಂದು ಗೆಳೆಯರೊಬ್ಬರು ನಿನ್ನೆ ಹೊರಗೆ ನಿಂತು ವಾದಿಸಿದರು. ನಂಬಿದ್ದರು, ಹೌದು. 1603ರಲ್ಲಿ ಇಂಗ್ಲೆಂಡಿನ ಗದ್ದುಗೆ ಏರಿದ ಜೇಮ್ಸ್ ದೊರೆ ಅದಕ್ಕೂ ಮೊದಲೇ, 1597ರಲ್ಲಿ, ಮಾಟದ ಮೇಲೆ ಒಂದು ಪುಸ್ತಕವನ್ನೇ ಬರೆದಿದ್ದ. ಆದರೆ ಶೇಕ್ಸ್‌ಪಿಯರ್ ಆ ಮಾಟಗಾತಿಯರ ಶಕ್ತಿಗೆ ಎಲ್ಲೆ ಹಾಕಿಯೇ ಕಳಿಸುತ್ತಾನೆ. ಮ್ಯಾಕ್‌ಬೆತ್ ಬರುವುದಕ್ಕೆ ಸ್ವಲ್ಪ ಮೊದಲು ಅವರಲ್ಲೊಬ್ಬಳು ಒಬ್ಬ ನಾವಿಕನ ಮೇಲೆ ಹಗೆ ತೀರಿಸಿಕೊಳ್ಳುವ ಮಾತಾಡುತ್ತಾಳೆ. ಅವನ ಹೆಂಡತಿ ಇವಳಿಗೆ ಚೆಸ್ಟ್‌ನಟ್ ಕಾಯಿ ಕೊಡಲಿಲ್ಲವೆಂಬ ಸಿಟ್ಟು. ಏನು ಮಾಡಬಲ್ಲಳು? ಅವನ ಹಡಗನ್ನು ಬಿರುಗಾಳಿಗೆ ಹೊಯ್ದಾಡಿಸಬಲ್ಲಳು, ಮುಳುಗಿಸಲಾರಳು. ಅವಳೇ ಹೇಳುವ ಮಾತಿದು. ಹಗ್ಗ ಸುತ್ತಿ ಗೊಂಬೆಯಾಡಿಸುವ ಶಕ್ತಿ ಇವರಿಗೆ ಕೊಟ್ಟವರು ಯಾರು?

ಇನ್ನೊಬ್ಬರು ಮಂಥರೆಯನ್ನು ತಂದರು. ತಂದದ್ದು ಒಳ್ಳೆಯದೇ ಆಯಿತು. ವಾಲ್ಮೀಕಿಯಲ್ಲಿ ರಾಮನಿಗೆ ಪಟ್ಟ ಎಂಬ ಸುದ್ದಿ ಕೇಳಿ ಕೈಕೇಯಿ ಮೊದಲು ಹಿಗ್ಗುತ್ತಾಳೆ. ಸುದ್ದಿ ತಂದ ಮಂಥರೆಗೆ ಒಡವೆ ಕೊಡುತ್ತಾಳೆ. ಆ ಸಂತೋಷವನ್ನು ಕೆಡಿಸಲು ಮಂಥರೆ ಮಾತಿನ ಮೇಲೆ ಮಾತು ಪೋಣಿಸಿ, ಹೆದರಿಸಿ, ಕಿವಿಯೂದಿ ಬೆವರು ಸುರಿಸಬೇಕಾಗುತ್ತದೆ. ಮ್ಯಾಕ್‌ಬೆತ್‌ನ ಕಿವಿಯನ್ನು ಯಾರೂ ಊದಲಿಲ್ಲ. ಮೂರು ಜೈಕಾರ ಸಾಕಾಯಿತು.

ಎರಡನೇ ದೃಶ್ಯದ ಸುದ್ದಿಗೆ ಬರುತ್ತೇನೆ. ಪೂರ್ತಿ ಬಿಟ್ಟಿದ್ದರು. ಮೈಯೆಲ್ಲ ರಕ್ತವಾದ ಸೈನಿಕನೊಬ್ಬ ಬಂದು ಯುದ್ಧದ ವರದಿ ಒಪ್ಪಿಸುವ ದೃಶ್ಯ ಅದು. ಮ್ಯಾಕ್‌ಬೆತ್ ಇನ್ನೂ ರಂಗಕ್ಕೆ ಬಂದಿಲ್ಲ, ಅವನ ಹೊಗಳಿಕೆ ಮೊದಲು ಬರುತ್ತದೆ. ಬಂಡೆದ್ದವನನ್ನು ಹೊಕ್ಕುಳಿಂದ ದವಡೆಯವರೆಗೆ ಸೀಳಿ, ತಲೆಯನ್ನು ಕೋಟೆಗೋಡೆಯ ಮೇಲೆ ನೆಟ್ಟ ಶೂರ! ಕೇಳಿದ ಡಂಕನ್ ದೊರೆ ಹಿಗ್ಗುತ್ತಾನೆ, ದ್ರೋಹ ಬಗೆದ ಕಾಡರ್‌ನ ಒಡೆಯನಿಂದ ಕಿತ್ತ ಬಿರುದನ್ನು ಇವನಿಗೆ ಕೊಡಿಸುತ್ತಾನೆ. ಸೀಳುವ ಕೈಗೆ ಸನ್ಮಾನ ಮಾಡಿ ಅಭ್ಯಾಸ ಮಾಡಿಸಿದ್ದು ಅರಮನೆಯೇ. ನಮ್ಮ ಯಕ್ಷಗಾನದಲ್ಲಿ ವೇಷಗಳ ಪರಿಚಯ ಮಾಡಿಕೊಡುವ ಒಡ್ಡೋಲಗ ಬಿಟ್ಟು ನೇರ ಪ್ರಸಂಗದ ನಡುವಿಗೆ ಕೈ ಹಾಕಿದರೆ ಬಂದ ವೇಷದ ತೂಕ ತಿಳಿಯುತ್ತದೆಯೇ? ಬಿ. ವಿ. ಕಾರಂತರು 1979ರಲ್ಲಿ ರಾಷ್ಟ್ರೀಯ ನಾಟಕ ಶಾಲೆಯ ರೆಪರ್ಟರಿಗೆ 'ಬರ್ನಂ ವನ' ಎಂದು ಇದೇ ನಾಟಕವನ್ನು ಹಿಂದಿಯಲ್ಲಿ ಮಾಡಿಸಿದಾಗ ಯಕ್ಷಗಾನದ ಕಡೆ ತಿರುಗಿದ್ದು ನನಗೆ ಬಹಳ ಸಹಜವಾಗಿ ಕಾಣುತ್ತದೆ.

ಒಂದು ವಿಷಯ ಇಲ್ಲಿ ಹೇಳಬೇಕು. ಇದುವರೆಗೆ ಎಲ್ಲೂ ಬರೆದಿಲ್ಲ.

ನಾನು ಕೆಲಸದಲ್ಲಿದ್ದಾಗ ಒಂದು ದಿನ ನಮ್ಮ ವಿಭಾಗದ ಮುಖ್ಯಸ್ಥರು ತರಗತಿಯಲ್ಲೇ ಕುಸಿದರು. ಆಸ್ಪತ್ರೆಗೆ ಸೇರಿಸಿ ಬಂದು ಸ್ಟಾಫ್‌ರೂಮಿನಲ್ಲಿ ಕೂತಿದ್ದೆ. ಟೀ ತಂದ ಅಟೆಂಡರ್ ಸಂಕಟದಲ್ಲೇ, ಏನೂ ಕೆಟ್ಟದ್ದನ್ನು ಯೋಚಿಸದೆ, "ಇನ್ಮೇಲೆ ವಿಭಾಗ ನೀವೇ ನೋಡ್ಕೋಬೇಕಲ್ವಾ ಮೇಡಂ" ಎಂದ. ನಾನು ಬೆಚ್ಚಿದೆ. ಟೀ ಸೀರೆಯ ಮೇಲೆ ಚೆಲ್ಲಿತು. "ಇಂಥಾ ಹೊತ್ತಲ್ಲಿ ಎಂಥಾ ಮಾತು ಆಡ್ತೀಯ" ಎಂದು ಅವನ ಮೇಲೆ ಹರಿಹಾಯ್ದೆ. ಅವನು ಕಣ್ಣು ತುಂಬಿಕೊಂಡು ಹೋದ. ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆಸ್ಪತ್ರೆಯಿಂದ ಬರುವ ಆಟೋದಲ್ಲಿ ನಾನೇ ಸೀನಿಯಾರಿಟಿ ಲೆಕ್ಕ ಹಾಕಿ ಮುಗಿಸಿದ್ದೆ. ಮುಖ್ಯಸ್ಥರು ಗುಣವಾಗಿ ಎರಡು ತಿಂಗಳಲ್ಲಿ ವಾಪಸು ಬಂದರು. ನಾನು ಯಾರನ್ನೂ ಕೊಲ್ಲಲಿಲ್ಲ, ಆದರೆ ಅವತ್ತಿನ ಆ ಬೆಚ್ಚು ಯಾವುದೆಂದು ನನಗೆ ಗೊತ್ತು. ಆ ಅಟೆಂಡರ್ ನನ್ನ ತಲೆ ಕೆಡಿಸಿದ ಎಂದು ಯಾರಾದರೂ ನಾಟಕ ಕಟ್ಟಿದರೆ ನಾನು ಒಪ್ಪುವುದಿಲ್ಲ.

ಹೆಂಡತಿಯ ಪಾಲಿಲ್ಲವೇ? ಇದೆ, ದೊಡ್ಡದೇ ಇದೆ. ಆದರೆ ಗಂಡನನ್ನು ಅವಳಷ್ಟು ಸರಿಯಾಗಿ ಓದಿದವರು ಆ ನಾಟಕದಲ್ಲಿ ಇನ್ನೊಬ್ಬರಿಲ್ಲ. ನಿನಗೆ ಮೋಸದಾಟ ಬೇಡ, ಅನ್ಯಾಯದ ಗೆಲುವು ಮಾತ್ರ ಬೇಕು ಎನ್ನುತ್ತಾಳೆ. ಈ ಕೆಲಸ ಇಲ್ಲಿಗೇ ಸಾಕು ಎಂದು ಅವನು ಹಿಂಜರಿದಾಗ ಅವಳು ಎತ್ತಿ ಆಡುವುದು ಅವನದೇ ಮಾತನ್ನು: ಈ ವಿಷಯ ನನ್ನ ಮುಂದೆ ಇಟ್ಟವನು ನೀನಲ್ಲವೇ? ಆಗ ಕಾಲವೂ ಕೂಡಿರಲಿಲ್ಲ, ಜಾಗವೂ ಕೂಡಿರಲಿಲ್ಲ, ಎರಡನ್ನೂ ನೀನೇ ಕೂಡಿಸಲು ಹೊರಟಿದ್ದೆ. ಅವನು ಇಲ್ಲ ಎನ್ನುವುದಿಲ್ಲ. ನಿನ್ನೆ ಇದೂ ಹೋಗಿತ್ತು. ಅವಳಿಗೆ ಕಿರುಚಾಟವಷ್ಟೇ ಉಳಿದಿತ್ತು.

ನಾಡಿದ್ದು ಇನ್ನೊಂದು ಪ್ರದರ್ಶನವಿದೆಯಂತೆ. ತಂಡದವರು ಇದನ್ನು ಓದಿದರೆ ಒಂದು ಕೋರಿಕೆ. ಆ ಗಾಯಾಳು ಸೈನಿಕನನ್ನು ವಾಪಸು ತನ್ನಿ, ಐದು ನಿಮಿಷ ಹೆಚ್ಚಾದರೆ ಆಗಲಿ. ಹಗ್ಗ ತೆಗೆಯಿರಿ. ಮ್ಯಾಕ್‌ಬೆತ್ ಮಾಡುವ ಆ ಹುಡುಗನಿಗೆ ಒಳ್ಳೆಯ ಕಣ್ಣಿದೆ, ಬೆಚ್ಚಲು ಅವನಿಗೆ ಜಾಗ ಕೊಡಿ. ನಾಲ್ಕನೇ ದೃಶ್ಯದಲ್ಲಿ, ಸತ್ತ ಆ ದ್ರೋಹಿ ಕಾಡರ್‌ನ ಒಡೆಯನನ್ನು ನೆನೆದು ಡಂಕನ್ "ಮುಖ ನೋಡಿ ಮನಸ್ಸು ತಿಳಿಯುವ ವಿದ್ಯೆ ಯಾವುದೂ ಇಲ್ಲ, ಅವನನ್ನು ಪೂರ್ತಿ ನಂಬಿದ್ದೆ" ಎನ್ನುತ್ತಾನಲ್ಲ, ಅಲ್ಲಿ ನಿನ್ನೆ ನೀವು ದೀಪ ಆರಿಸಿ ಮುಖ್ಯ ನಟನಿಗೆ ಚಪ್ಪಾಳೆ ಬೀಳಲೆಂದು ಕಾದಿರಿ. ದೀಪ ಆರಿಸಬೇಡಿ. ಶೇಕ್ಸ್‌ಪಿಯರ್ ಮ್ಯಾಕ್‌ಬೆತ್‌ನನ್ನು ಒಳಗೆ ಕಳಿಸುವುದು ಸರಿಯಾಗಿ ಆ ಮಾತಿನ ಮೇಲೆ. ಅವನು ನಡೆದು ಬರಲಿ. ದೊರೆ ಎದ್ದು ಅವನನ್ನು ಅಪ್ಪಿಕೊಳ್ಳಲಿ.