‘ಎಷ್ಟು ಗೆದ್ರಿ?’ ಅಂತ ಕೇಳುವವರಿಗೆ

ಬೆಳಿಗ್ಗೆ ನಮ್ಮ ಸಿರ್ಸಿಯ ದೇವಿಕೆರೆ ಹತ್ತಿರ ಹಾಲು ತರಲು ಹೋದಾಗ ನಡೆದದ್ದು. ಮಧ್ಯಾಹ್ನವಾದರೂ ಸಿಟ್ಟು ಇಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಆಟ ಕಲಿಸುವ ಬಾಸ್ಕೆಟ್‌ಬಾಲ್ ಟೀಮಿನ ಹುಡುಗಿಯೊಬ್ಬಳ ಅಪ್ಪ ಸಿಕ್ಕಿದರು. ಪಕ್ಕದಲ್ಲಿ ಅವಳೂ ಇದ್ದಳು. "ಅಕ್ಕೋರೆ, ನಿನ್ನೆ ಕಾರವಾರದಲ್ಲೂ ಸೋತ್ರಂತೆ? ಇಡೀ ವರ್ಷಕ್ಕೆ ಒಂದೇ ಗೆದ್ದಿದ್ದು ಹೇಳಿ ಕೇಳ್ದೆ. ಇಷ್ಟಕ್ಕೆ ಐದೂವರೆಗೆ ಎದ್ದು ಬರೋದು ಎಂತಕ್ಕೆ ಮಾರಾಯ್ರೆ? ವಾಲಿಬಾಲಿಗಾದ್ರೂ ಹಾಕಿ" ಅಂದರು. ನಾನು ಶಿಕ್ಷಕಿಯಲ್ಲ ಅಂತ ನಿಮಗೆಲ್ಲ ಗೊತ್ತು, ಆದರೆ ಮಕ್ಕಳ ಮುಂದೆ ಸೀಟಿ ಹಿಡಿದು ನಿಂತ ಹೆಂಗಸರೆಲ್ಲ ನಮ್ಮೂರಲ್ಲಿ ಅಕ್ಕೋರೇ. ಅವರು ಕೆಟ್ಟವರಲ್ಲ. ಮಗಳಿಗೆ ಶೂ ಕೊಡಿಸಿದ್ದು, ಕತ್ತಲಲ್ಲಿ ಬೈಕಿನ ಮೇಲೆ ತಂದು ಬಿಡುವುದು ಅವರೇ. ಆದರೆ ಆ ಮಾತು ಮುಗಿಯುವವರೆಗೂ ಹುಡುಗಿ ಹಾಲಿನ ಪ್ಯಾಕೆಟ್ಟನ್ನು ಈ ಕೈಯಿಂದ ಆ ಕೈಗೆ ಬದಲಾಯಿಸುತ್ತ ನೆಲ ನೋಡುತ್ತಿದ್ದಳು. ನನಗೆ ಉರಿದದ್ದು ಅದಕ್ಕೆ.

ಹೌದು, 11 ಪಂದ್ಯ ಆಡಿ ಗೆದ್ದಿದ್ದು 1. ಮುಚ್ಚಿಡುವಂಥದ್ದೇನಿಲ್ಲ. ಹೋದ ವರ್ಷದ ಐದೂ ಜನ ಒಟ್ಟಿಗೇ ಓದಲು ಹೊರಟುಹೋದರು: ಹುಬ್ಬಳ್ಳಿ, ಧಾರವಾಡ, ಬೆಂಗಳೂರು. ಉಳಿದವರು ಎಂಟು-ಒಂಬತ್ತನೇ ಕ್ಲಾಸಿನ ಮಕ್ಕಳು. ಜೂನಿನಲ್ಲಿ ಅರ್ಧದಷ್ಟು ಮಂದಿಗೆ ಎಡಗೈಯಲ್ಲಿ ಚೆಂಡು ಬಡಿಯಲು ಬರುತ್ತಿರಲಿಲ್ಲ. ಮಳೆಗಾಲದಲ್ಲಿ ಸಿರ್ಸಿಯ ಸಿಮೆಂಟ್ ಕೋರ್ಟ್ ಹೇಗಿರುತ್ತದೆ ಅಂತ ಇಲ್ಲಿ ಆಡಿದವರಿಗೆ ಹೇಳಬೇಕಿಲ್ಲ. ವಾರಕ್ಕೆ ಎರಡು ದಿನ ಆಟಕ್ಕಿಂತ ಹಾವಸೆ ತಿಕ್ಕುವುದೇ ಹೆಚ್ಚು. ಬ್ಲೀಚಿಂಗ್ ಪೌಡರ್ ಹಾಕಿ, ಕಡ್ಡಿ ಪೊರಕೆಯಲ್ಲಿ ಉಜ್ಜಿ, ನೀರು ಹೊಡೆದು ಮುಗಿಸುವಷ್ಟರಲ್ಲಿ ಮತ್ತೆ ಮಳೆ.

ನಿನ್ನೆಯ ಪಂದ್ಯದಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ, ಕೇಳಿ. ಬಾಸ್ಕೆಟ್‌ಬಾಲಿನಲ್ಲಿ ಚೆಂಡು ಸಿಕ್ಕ 8 ಸೆಕೆಂಡಿನೊಳಗೆ ಅರ್ಧ ಕೋರ್ಟ್ ದಾಟಿಸಬೇಕು, ಇಲ್ಲದಿದ್ದರೆ ಚೆಂಡು ಎದುರಿನವರಿಗೆ. ಅರ್ಧ ಕೋರ್ಟ್ ಅಂದರೆ 14 ಮೀಟರ್. ಬರಿಗೈಲಿ ಓಡಿದರೆ ಎಷ್ಟು ಹೊತ್ತೂ ಬೇಡ. ಎದುರಿನವರು ಕೋರ್ಟಿನ ಉದ್ದಕ್ಕೂ ಪ್ರೆಸ್ ಮಾಡಿ, ಅಂದರೆ ಬೆನ್ನು ಬಿಡದೆ ಅಡ್ಡಗಟ್ಟಿ, ಮೈಮೇಲೆ ಬಂದರೆ ಮಾತ್ರ ಅದೇ 14 ಮೀಟರ್ ದೇವಿಮನೆ ಘಟ್ಟ. ಜುಲೈನಲ್ಲಿ ಇದೇ ಕಾರವಾರದ ಟೀಮಿನೆದುರು ನಾವು 38 ಪಾಯಿಂಟಿನಿಂದ ಸೋತದ್ದು ಹೀಗೇ. ನಮ್ಮ ಏಳನೇ ನಂಬರಿನವಳು, ಇವತ್ತು ಹಾಲಿನ ಪ್ಯಾಕೆಟ್ ಹಿಡಿದು ನಿಂತಿದ್ದವಳೇ, ಚೆಂಡನ್ನು ಹೊಟ್ಟೆಗೆ ಒತ್ತಿಕೊಂಡು ನನ್ನ ಮುಖ ನೋಡುತ್ತ ನಿಂತುಬಿಡುತ್ತಿದ್ದಳು. ರೆಫರಿ ಸೀಟಿ ಹೊಡೆಯುವವರೆಗೂ ಹಾಗೇ.

ನಿನ್ನೆ ಮೂರನೇ ಕ್ವಾರ್ಟರಿನಲ್ಲಿ ನಮ್ಮದೇ ರಿಂಗಿನ ಕೆಳಗೆ ಅವಳಿಗೆ ಚೆಂಡು ಸಿಕ್ಕಿತು. ಇಬ್ಬರು ಮೇಲೆರಗಿದರು. ನಾನು ಉಸಿರು ಹಿಡಿದೆ. ಅವಳು ನನ್ನ ಕಡೆ ನೋಡಲೇ ಇಲ್ಲ. ಎಡಗಾಲು ಊರಿ ಅರ್ಧ ಸುತ್ತು ತಿರುಗಿದಳು, ತಲೆಯ ಮೇಲಿಂದ ಎಸೆಯುವ ಹಾಗೆ ತೋರಿಸಿದಳು. ಅವರ ನಾಲ್ಕು ಕೈಯೂ ಮೇಲೆದ್ದವು. ಆ ಕೈಗಳ ಕೆಳಗಿಂದ ಚೆಂಡನ್ನು ನೆಲಕ್ಕೆ ಬಡಿದು ನಡುವಿನಲ್ಲಿದ್ದ ಗೆಳತಿಗೆ ದಾಟಿಸಿ, ತಾನೂ ಅವರ ಪಕ್ಕದಿಂದ ನುಗ್ಗಿ ಓಡಿದಳು. ಐದೇ ಸೆಕೆಂಡಿಗೆ ಅರ್ಧ ಕೋರ್ಟ್ ದಾಟಿಯಾಗಿತ್ತು. ಕೊನೆಗೆ ಹೊಡೆದ ಶಾಟ್ ರಿಂಗಿನ ಮೇಲೆ ಉರುಳಿ ಹೊರಗೆ ಬಿತ್ತು. ಪಾಯಿಂಟ್ ಬರಲಿಲ್ಲ. ಸ್ಕೋರ್‌ಶೀಟಿನಲ್ಲಿ ಇದನ್ನೆಲ್ಲ ಬರೆಯಲು ಜಾಗವೂ ಇಲ್ಲ. ನಾನು ಬೆಂಚಿನಿಂದ ಎದ್ದು ಕೂಗಿದ ಕೂಗಿಗೆ ಇವತ್ತು ಗಂಟಲು ಕಟ್ಟಿದೆ.

ಜುಲೈನಲ್ಲಿ 38ರಿಂದ ಸೋತವರು ನಿನ್ನೆ ಸೋತದ್ದು 7ರಿಂದ. ಅದೇ ಟೀಮ್, ಅವರದೇ ಊರು. ಇಷ್ಟಾದ ಮೇಲೂ ‘ಎಷ್ಟು ಗೆದ್ರಿ’ ಅನ್ನುವುದೊಂದೇ ಪ್ರಶ್ನೆಯೇ?

ಒಂದು ವಿಷಯ ಒಪ್ಪಿಕೊಳ್ಳಬೇಕು. ಆಗಸ್ಟಿನಲ್ಲಿ ನಾನೂ ಅದೇ ಮಾತಾಡಿದ್ದೆ. ನಾಲ್ಕನೇ ಪಂದ್ಯ ಸೋತ ಮೇಲೆ ಬಸ್ಸಿನಲ್ಲಿ, ಎಲ್ಲರ ಎದುರಿಗೇ, ಫ್ರೀ ಥ್ರೋ ತಪ್ಪಿಸಿದ ಒಬ್ಬಳಿಗೆ "ನಿನ್ನಿಂದಲೇ ಸೋತದ್ದು" ಅಂದುಬಿಟ್ಟೆ. ಅವಳು ಒಂದು ವಾರ ಪ್ರಾಕ್ಟೀಸಿಗೆ ಬರಲಿಲ್ಲ. ಮನೆಗೆ ಹೋಗಿ ಕ್ಷಮೆ ಕೇಳಿ ಕರೆದುಕೊಂಡು ಬಂದೆ. ಹದಿನಾಲ್ಕು ವರ್ಷದ ಮಗುವಿನ ಎದುರು ಕೂತು ತಪ್ಪಾಯಿತು ಅನ್ನುವುದು ಸುಲಭವಲ್ಲ, ಅವಳ ಅಮ್ಮ ತಂದಿಟ್ಟ ಚಹಾ ಗಂಟಲಲ್ಲಿ ಇಳಿಯಲಿಲ್ಲ. ಅವತ್ತಿನಿಂದ ಒಂದು ಚಿಕ್ಕ ಪುಸ್ತಕ ಇಟ್ಟಿದ್ದೇನೆ. ಪ್ರತಿ ಪಂದ್ಯ ಮುಗಿದ ಮೇಲೆ ಪ್ರತಿಯೊಬ್ಬಳ ಹೆಸರಿನ ಮುಂದೆ ಹಿಂದಿನ ಸಲ ಬಾರದೆ ಇದ್ದು ಈ ಸಲ ಬಂದ ಒಂದನ್ನು ಬರೆಯುತ್ತೇನೆ. ಸುಳ್ಳು ಹೊಗಳಿಕೆ ಬರೆಯುವುದಿಲ್ಲ. ಏನೂ ಕಾಣದಿದ್ದರೆ ಖಾಲಿ ಬಿಡುತ್ತೇನೆ. ನಿನ್ನೆ ಖಾಲಿ ಉಳಿದದ್ದು ಎರಡೇ ಹೆಸರು.

ನಾನು ಬೆಳಗಿನ ಜಾವ ಮೊಬೈಲಿನಲ್ಲಿ ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ನೋಡುವವಳು. ಡೆಟ್ರಾಯಿಟ್ ಪಿಸ್ಟನ್ಸ್ ಕಥೆಯನ್ನು ಮಕ್ಕಳಿಗೆ ಎಷ್ಟು ಸಲ ಹೇಳಿದ್ದೇನೋ. 1989, 1990, 2004ರಲ್ಲಿ ಚಾಂಪಿಯನ್ ಆದ ತಂಡ ಅದು. 2023-24ರಲ್ಲಿ ಅದೇ ತಂಡ ಸಾಲಾಗಿ 28 ಪಂದ್ಯ ಸೋತಿತು. ಒಂದೇ ಸೀಸನ್ನಿನಲ್ಲಿ ಅಷ್ಟು ಸತತ ಸೋಲು ಅದಕ್ಕೆ ಮೊದಲು ಯಾರೂ ಕಂಡಿರಲಿಲ್ಲ. 27ನೆಯ ಸೋಲಿನಲ್ಲಿ ಕೇಡ್ ಕನಿಂಗ್‌ಹ್ಯಾಮ್ ಅನ್ನುವ ಹುಡುಗ ಒಬ್ಬನೇ 41 ಪಾಯಿಂಟ್ ಹೊಡೆದಿದ್ದ. ಡಿಸೆಂಬರ್ 27, ಇಲ್ಲಿ ಇನ್ನೂ ಬೆಳಕು ಹರಿಯುವ ಹೊತ್ತು, ಕಂಬಳಿ ಹೊದ್ದು ನೋಡುತ್ತಿದ್ದೆ. ತಂಡ ಮುಳುಗುತ್ತಿರುವಾಗ ಇವನು ಹೀಗೆ ಆಡುತ್ತಿದ್ದಾನಲ್ಲ ಅಂತ ಕಣ್ಣು ತುಂಬಿತ್ತು. ಆ ಸೀಸನ್ ಅವರು 82ರಲ್ಲಿ ಗೆದ್ದದ್ದು 14. ಮುಂದಿನ ಸೀಸನ್ 44. ಪ್ರಶಸ್ತಿಗಾಗಿ ಆಡುವ ಪ್ಲೇಆಫ್ ಸುತ್ತಿಗೂ ಹೋದರು.

ಇನ್ನು ಸ್ಯಾನ್ ಆಂಟೋನಿಯೊ ಸ್ಪರ್ಸ್ ತಂಡ. 2022-23ರಲ್ಲಿ 22 ಗೆಲುವು. 2023-24ರಲ್ಲೂ 22. ‘ಎಷ್ಟು ಗೆದ್ರಿ’ ಅನ್ನುವವರಿಗೆ ಎರಡೂ ಒಂದೇ. ಆದರೆ ಎರಡನೇ ಸೀಸನ್ನಿನಲ್ಲಿ ವಿಕ್ಟರ್ ವೆಂಬನ್ಯಾಮಾ ಬಂದಿದ್ದ, ಏಳು ಅಡಿ ದಾಟಿದ ಹತ್ತೊಂಬತ್ತರ ಹುಡುಗ, ಇಡೀ ಲೀಗಿನಲ್ಲಿ ಅತಿ ಹೆಚ್ಚು ಬ್ಲಾಕ್ ಮಾಡಿದವನು, ಅಂದರೆ ಎದುರಿನವರ ಶಾಟ್‌ಗಳನ್ನು ಗಾಳಿಯಲ್ಲೇ ತಡೆದವನು, ಆ ವರ್ಷದ ಶ್ರೇಷ್ಠ ಹೊಸ ಆಟಗಾರ. ಅದರ ಮುಂದಿನ ಸೀಸನ್ 34 ಗೆದ್ದರು.

ನನ್ನ ಗೆಳತಿಯೊಬ್ಬಳು ಪಿ.ಇ. ಟೀಚರ್. ಅವಳು ಹೇಳುತ್ತಾಳೆ: "ನೀನು ಹೀಗೆ ಒಳ್ಳೇದನ್ನೇ ಹುಡುಕ್ತಾ ಕೂತ್ರೆ ಮಕ್ಕಳಿಗೆ ಸೋಲು ರೂಢಿಯಾಗಿ ಹೋಗ್ತದೆ." ಯೋಚಿಸಿದೆ. ಒಪ್ಪಲು ಮನಸ್ಸು ಬರಲಿಲ್ಲ. ಸೋಲು ರೂಢಿಯಾದ ಮಕ್ಕಳು ನಿನ್ನೆ ರಾತ್ರಿ ಘಟ್ಟ ಹತ್ತುವಾಗ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ಆ ಏಳು ಪಾಯಿಂಟ್ ಎಲ್ಲೆಲ್ಲಿ ಹೋಯಿತು ಅಂತ ಜಗಳ ಆಡುತ್ತಿರಲಿಲ್ಲ. ಇನ್ನು ಸೋಲೇ ಒಂದು ದಾರಿ ಅಂತ ನಾನು ಹೇಳುತ್ತಲೂ ಇಲ್ಲ. ಎನ್‌ಬಿಎಯಲ್ಲಿ ಕೆಳಗಿನ ತಂಡಗಳಿಗೆ ಹೊಸ ಆಟಗಾರರನ್ನು ಆರಿಸುವ ಲಾಟರಿಯಲ್ಲಿ ಹೆಚ್ಚು ಅವಕಾಶ ಸಿಗುತ್ತದೆ. ಆದರೆ 2024ರಲ್ಲಿ ತೀರಾ ಕೊನೆಯ ಮೂರು ತಂಡಗಳಿಗೂ ಮೊದಲ ಆಯ್ಕೆ ಸಿಗುವ ಸಾಧ್ಯತೆ ತಲಾ ಶೇ. 14 ಮಾತ್ರ ಇತ್ತು. ಎಲ್ಲರಿಗಿಂತ ಕೆಳಗಿದ್ದ ಪಿಸ್ಟನ್ಸಿಗೆ ಆ ವರ್ಷ ಸಿಕ್ಕಿದ್ದು ಐದನೇ ಆಯ್ಕೆ. ಸೋತದ್ದಕ್ಕೆ ಅವರಿಗೆ ಯಾರೂ ಏನೂ ಧಾರಾಳವಾಗಿ ಕೊಡಲಿಲ್ಲ. ಅವರು ಕೋಚ್ ಬದಲಾಯಿಸಿದರು. ಟೋಬಿಯಸ್ ಹ್ಯಾರಿಸ್, ಮಲಿಕ್ ಬೀಸ್ಲಿಯಂಥ ಅನುಭವಿಗಳನ್ನು ತಂದು ಎಳೆಯರ ಅಕ್ಕಪಕ್ಕ ನಿಲ್ಲಿಸಿದರು. ಆದರೆ ಕನಿಂಗ್‌ಹ್ಯಾಮನನ್ನಾಗಲಿ, ಅವನ ಜೊತೆ ಸೋತ ಜೇಡನ್ ಐವಿ, ಜೇಲನ್ ಡ್ಯೂರೆನ್, ಅಸಾರ್ ಥಾಂಪ್ಸನ್ ಎಂಬ ಹುಡುಗರನ್ನಾಗಲಿ ‘ಇವರಿಂದಾಗದು’ ಅಂತ ಆಗ ಮನೆಗೆ ಕಳಿಸಲಿಲ್ಲ. ಅದನ್ನೇ ನಾನು ಕೇಳುತ್ತಿರುವುದು. ಈ ಮಕ್ಕಳನ್ನು ಮನೆಗೆ ಕಳಿಸಬೇಡಿ.

ಬೆಳಿಗ್ಗೆ ಆ ಅಪ್ಪನಿಗೆ ಇಷ್ಟೆಲ್ಲ ಹೇಳಲಾಗಲಿಲ್ಲ, ಬಾಯಿ ಕಟ್ಟಿತು. "ನಿನ್ನೆ ಇವಳು ಹೇಗೆ ಆಡಿದಳು ಅಂತ ಅವಳನ್ನೇ ಕೇಳಿ" ಅಂದು ಬಂದೆ. ಈಗ ಇದನ್ನು ಓದುತ್ತಿದ್ದರೆ, ದಯವಿಟ್ಟು ಇವತ್ತು ಊಟಕ್ಕೆ ಕೂತಾಗ ಕೇಳಿ. ತಟ್ಟೆ ಬದಿಗಿಟ್ಟು ಎದ್ದು ನಿಂತು ತಿರುಗಿ ತೋರಿಸುತ್ತಾಳೆ, ನನಗೆ ಗೊತ್ತು.

ಹುಬ್ಬಳ್ಳಿ, ಧಾರವಾಡ, ಬೆಂಗಳೂರಿನಲ್ಲಿರುವ ನನ್ನ ಐದು ಹುಡುಗಿಯರೇ, ನಮಗೆ ಬೇಕಾದ ಅನುಭವಿಗಳು ನೀವೇ. ಮಾರಿಕಾಂಬಾ ಜಾತ್ರೆಗೆ ಹೇಗೂ ಊರಿಗೆ ಬರುತ್ತೀರಿ. ಎರಡು ಬೆಳಿಗ್ಗೆ ನನಗೆ ಕೊಡಿ, ಶೂ ತನ್ನಿ. ರೀಬೌಂಡಿಗೆ, ಅಂದರೆ ರಿಂಗಿಗೆ ತಾಗಿ ಪುಟಿದು ಬರುವ ಚೆಂಡಿಗೆ, ಮೈ ಅಡ್ಡ ಕೊಟ್ಟು ಜಾಗ ಹಿಡಿಯುವುದು ಇವರಿಗೆ ಇನ್ನೂ ಬಂದಿಲ್ಲ, ನಾನು ಬಾಯಲ್ಲಿ ಹೇಳಿದರೆ ಆಗುತ್ತಿಲ್ಲ, ನೀವು ಮೈಗೆ ಮೈ ತಾಗಿಸಿ ಕಲಿಸಬೇಕು. ಕಾರವಾರದ ಬೈತಖೋಲದಿಂದ ಮೀನುಬಲೆಯ ನೈಲಾನ್ ಹುರಿ ತಂದು ಇವರೇ ರಿಂಗಿಗೆ ನೆಟ್ ಹೆಣೆದಿದ್ದಾರೆ. ಒಂದು ರಿಂಗಿಗೆ ಕಟ್ಟಿಯಾಗಿದೆ. ಇನ್ನೊಂದಕ್ಕೆ ಏಣಿ ಹತ್ತಿದರೂ ಇವರ ಕೈ ಎಟಕುತ್ತಿಲ್ಲ, ಎತ್ತರದವರು ಯಾರಾದರೂ ಸ್ವಲ್ಪ ಬೇಗ ಬನ್ನಿ.