ಬಾಯಿಮಾತಿನ ಒಪ್ಪಂದವೂ ಒಪ್ಪಂದವೇ

ಅಡಿಕೆ ವ್ಯಾಪಾರದ ಕುರಿತ ಲೇಖನವೊಂದರಲ್ಲಿ, ಬರಹದಲ್ಲಿಲ್ಲದ ವ್ಯವಹಾರ ಕೇವಲ ನೈತಿಕ ಹೊಣೆ, ಅದಕ್ಕೆ ಕಾನೂನಿನ ಬಲವಿಲ್ಲ ಎಂದಿರುವ ಲೇಖಕರ ಮಾತನ್ನು ಒಪ್ಪಲಾಗದು. 1872ರ ಭಾರತೀಯ ಕರಾರು ಕಾಯ್ದೆಯ 10ನೇ ಸೆಕ್ಷನ್ ಪ್ರಕಾರ, ಬೇರೆ ಕಾನೂನು ಬರಹವನ್ನು ಕಡ್ಡಾಯ ಮಾಡಿರದಿದ್ದರೆ, ಅರ್ಹರಾದವರು ಮುಕ್ತ ಸಮ್ಮತಿಯಿಂದ, ನ್ಯಾಯಬದ್ಧ ಪ್ರತಿಫಲಕ್ಕೂ ಉದ್ದೇಶಕ್ಕೂ ಮಾಡಿಕೊಂಡ ಬಾಯಿಮಾತಿನ ಒಪ್ಪಂದವೂ ಊರ್ಜಿತವೇ. ಕಾಸರಗೋಡು ಜಿಲ್ಲೆಯ ನಮ್ಮ ಬದಿಯಡ್ಕ, ಪೆರ್ಲ ಕಡೆಯ ಅಡಿಕೆ ವ್ಯಾಪಾರ ಬಹುಮಟ್ಟಿಗೆ ಹೀಗೆಯೇ ನಡೆಯುತ್ತದೆ: ಕೃಷಿಕ ಒಂದು ಹಿಡಿ ಮಾದರಿ ತೋರಿಸುತ್ತಾನೆ, ವ್ಯಾಪಾರಿ ಒಂದೆರಡನ್ನು ಕತ್ತರಿಸಿ ನೋಡಿ ದರ ಹೇಳುತ್ತಾನೆ, ಮೂಟೆಗಳು ಅಂಗಡಿ ಸೇರುತ್ತವೆ. 1930ರ ಸರಕು ಮಾರಾಟ ಕಾಯ್ದೆಯ 17ನೇ ಸೆಕ್ಷನ್ ಮಾದರಿ ನೋಡಿ ಮಾಡುವ ಇಂಥ ಮಾರಾಟಕ್ಕೆಂದೇ ಇದೆ. ಮಾಲು ಮಾದರಿಗೆ ಹೊಂದಬೇಕು, ಹೋಲಿಸಿ ನೋಡಲು ಕೊಳ್ಳುವವನಿಗೆ ಅವಕಾಶವಿರಬೇಕು. ಆದ್ದರಿಂದ ಮೂಟೆಯ ತಳದಲ್ಲಿ ಪಟೋರ (ಕಡಿಮೆ ದರ್ಜೆಯ ಅಡಿಕೆ) ತುಂಬಿದ ಕೃಷಿಕನೂ, ಮಾಲು ಒಪ್ಪಿಕೊಂಡ ಮೇಲೆ ಪೇಟೆ ಇಳಿಯಿತೆಂದು ದರ ಮುರಿಯುವ ವ್ಯಾಪಾರಿಯೂ ಕಾನೂನಿನ ದೃಷ್ಟಿಯಲ್ಲೇ ಕರಾರು ತಪ್ಪಿದವರು. (ಎರಡನೆಯ ಬಗೆಯವರನ್ನೇ ನಾನು ಹೆಚ್ಚು ಕಂಡಿದ್ದೇನೆ.) ತೊಡಕಿರುವುದು ಸಾಕ್ಷ್ಯದಲ್ಲಿ: ತೂಕದ ಚೀಟಿಯಲ್ಲಿ ಕಿಲೋ ಇರುತ್ತದೆ, ದರ ಇರುವುದಿಲ್ಲ. ಬಾಕಿ ಹಣಕ್ಕೆ ದಾವೆ ಹೂಡಲು ಸಾಮಾನ್ಯವಾಗಿ 3 ವರ್ಷಗಳ ಕಾಲಮಿತಿ ಇರುವುದರಿಂದ, ಆ ಚೀಟಿಯಲ್ಲೇ ದರ, ದಿನಾಂಕ, ಸಹಿ ಹಾಕಿಸಿಕೊಳ್ಳಿರೆಂದು ಲೇಖನ ತಿಳಿಸಿದ್ದರೆ ಕೃಷಿಕರಿಗೆ ಹೆಚ್ಚು ಉಪಯೋಗವಾಗುತ್ತಿತ್ತು.